ಫೊರೆನ್ಸಿಕ್ ಹುಚ್ಚು ಹತ್ತಿದವರು ಏನು ಓದಬೇಕು, ಎಲ್ಲಿಂದ ಶುರು ಮಾಡಬೇಕು

ಗದಗಿನಲ್ಲಿರುವ ನಮ್ಮ ಅಣ್ಣನ ಮಗಳು ಪಿಯುಸಿ ಎರಡನೇ ವರ್ಷ. ಹೋದ ದೀಪಾವಳಿಗೆ ಹುಬ್ಬಳ್ಳಿಗೆ ಬಂದವಳು ಊಟಕ್ಕೆ ಕೂತಾಗ ತಲೆ ಎತ್ತದೇ, "ಕಾಕಾ, ನಾ ಫೊರೆನ್ಸಿಕ್ ಮಾಡಬೇಕಂತ ಮಾಡೇನ್ರಿ, ಈಗಿಂದನ ಏನ ಓದ್ಲಿ?" ಅಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಾ ಇದ್ದೀನಿ. ಯಾಕಂದ್ರೆ ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ (ಅಂದ್ರೆ ಫೊರೆನ್ಸಿಕ್, ಅಪರಾಧದ ಸಾಕ್ಷ್ಯ ಪರೀಕ್ಷಿಸುವ ವಿಜ್ಞಾನ) ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದ ಮೇಲೆ (2023ರ ಜನವರಿಯಲ್ಲಿ ಅದರ ಕಟ್ಟಡಕ್ಕೆ ಶಂಕುಸ್ಥಾಪನೆ ಆಯಿತು) ನಮ್ಮ ಕಡೆ ಹುಡುಗರು ಇದೇ ಪ್ರಶ್ನೆ ಜಾಸ್ತಿ ಕೇಳ್ತಾರೆ.

ನಾನು ಫೊರೆನ್ಸಿಕ್ ತಜ್ಞ ಅಲ್ಲ. ಇಪ್ಪತ್ತು ವರ್ಷದಿಂದ ರಕ್ತ, ಮೂತ್ರ, ಕಫ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನಿಷಿಯನ್. ಆದರೆ ಸ್ಯಾಂಪಲ್ ಅಂದ್ರೇನು, ಲೇಬಲ್ ಅಂದ್ರೇನು ಅನ್ನೋದು ಕೈಗೆ ಗೊತ್ತು, ಈ ವಿಷಯದ ಪುಸ್ತಕ ಸಿಕ್ಕಿದ್ದೆಲ್ಲ ಓದಿದ್ದೀನಿ.

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಪುಟದ ಮಧ್ಯೆ ಗೆರೆ ಎಳೀರಿ. ಎಡಗಡೆ "ಕಂಡದ್ದು", ಬಲಗಡೆ "ಅದರಿಂದ ಹೇಳಬಹುದಾದದ್ದು". ಯಾವ ಪುಸ್ತಕ ಓದಿದರೂ, ಯಾವ ಕೇಸ್ ಬಂದರೂ, ಈ ಎರಡು ಕಾಲಂ ತುಂಬಿಸಿ. ಕೊಲೆ ಕಥೆಯ ರುಚಿಗೆ ಓದುವವರಿಗೆ ಇದು ಬೇಸರ ಅನ್ನಿಸಬಹುದು. ಆದರೆ ಒಂದು ಸಾಕ್ಷ್ಯ ಎಷ್ಟು ಹೇಳುತ್ತೆ, ಎಲ್ಲಿಗೆ ಸುಮ್ಮನಾಗುತ್ತೆ ಅನ್ನೋದೇ ಈ ವಿಜ್ಞಾನ. ಅದನ್ನು ಬಿಟ್ಟು ಎಷ್ಟು ಪುಸ್ತಕ ಓದಿದರೂ ಕಥೆ ಓದಿದ ಹಾಗೇ.

ಶುರು ಮಾಡೋಕೆ ಬೆರಳಚ್ಚಿಗಿಂತ ಒಳ್ಳೇ ಜಾಗ ಇಲ್ಲ. ಅದರ ಕಥೆ ನಮ್ಮ ದೇಶದ್ದು. ಚಂದಕ್ ಸೇನ್‌ಗುಪ್ತ ಅವರ 'ಇಂಪ್ರಿಂಟ್ ಆಫ್ ದ ರಾಜ್' (2003) ಓದಿ. ದೊಡ್ಡ ಪುಸ್ತಕವಲ್ಲ, ಇಂಗ್ಲಿಷ್ ಕೂಡ ಕಷ್ಟವಿಲ್ಲ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಅಧಿಕಾರಿ ರಸ್ತೆ ಸಾಮಾನಿನ ಗುತ್ತಿಗೆದಾರ ರಾಜ್ಯಧರ ಕೋನಾಯಿ ಎಂಬಾತನ ಕೈಗೆ ಮಸಿ ಬಳಿದು ಕರಾರು ಪತ್ರದ ಮೇಲೆ ಒತ್ತಿಸಿಕೊಂಡಿದ್ದು, 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಬ್ಯೂರೋ ಶುರುವಾಗಿದ್ದು, ಎಲ್ಲ ಇದೆ. ಸಾವಿರಾರು ಬೆರಳಚ್ಚು ಚೀಟಿಗಳನ್ನು 1024 ಗೂಡುಗಳಲ್ಲಿ ವಿಂಗಡಿಸಿ ಇಡುವ ಕ್ರಮಕ್ಕೆ ಹೆಸರು ಬಂದಿದ್ದು ಎಡ್ವರ್ಡ್ ಹೆನ್ರಿಗೆ. ಆದರೆ ಲೆಕ್ಕ ಕೂಡಿಸಿದವರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ನಮ್ಮವರಿಬ್ಬರು ಇದ್ದರು. ಈ ಹೆಸರುಗಳನ್ನು ಮರೀಬೇಡಿ.

ಅದೇ ಕಾಲದ ಜಲಪಾಯಿಗುಡಿಯ ಕೇಸನ್ನು ನಮ್ಮ ಹುಡುಗಿ ಮೊದಲು ಎರಡು ಕಾಲಂಗೆ ಇಳಿಸಿದಳು. ಚಹಾ ತೋಟದ ಮ್ಯಾನೇಜರ್ ಕೊಲೆಯಾಗಿದ್ದ, ಹಣ ಹೋಗಿತ್ತು. ಅವನ ಪೆಟ್ಟಿಗೆಯಲ್ಲಿದ್ದ ಬಂಗಾಳಿ ಪಂಚಾಂಗದ ಹೊದಿಕೆ ಮೇಲೆ ಕಂದು ಬಣ್ಣದ ಒಂದು ಮಸುಕು ಗುರುತು. ಹಿಂದೆ ಕಳವು ಮಾಡಿ ಜೈಲಿಗೆ ಹೋಗಿದ್ದ ಅವನ ಹಳೇ ಆಳು ಕಾಂಗಾಲಿ ಚರಣನ ಹೆಬ್ಬೆರಳಿಗೆ ಅದು ಹೊಂದಿತು. ಹಾಗಾದರೆ ಕೊಲೆಗೆ ಶಿಕ್ಷೆ ಆಗಿರಬೇಕು ಅಂತೀರಾ? ಇಲ್ಲ. 1898ರಲ್ಲಿ ಕೋರ್ಟು ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆಯ ಆರೋಪದಿಂದ ಬಿಟ್ಟಿತು. ಬೆರಳು ಪಂಚಾಂಗವನ್ನು ಮುಟ್ಟಿದೆ ಅನ್ನೋದು ಎಡಗಡೆ ಕಾಲಂ. ಕತ್ತು ಕೊಯ್ದದ್ದು ಅದೇ ಕೈ ಅನ್ನೋದು ಬಲಗಡೆಗೂ ಸುಲಭವಾಗಿ ಬರೋದಿಲ್ಲ. ಈ ಒಂದು ಕೇಸು ಸರಿಯಾಗಿ ತಲೆಗೆ ಹೋದರೆ ಮುಂದಿನ ಓದಿಗೆ ಅರ್ಧ ದಾರಿ ಸವೆದ ಹಾಗೆ.

ಪುಸ್ತಕ ಓದ್ತಾ ಮನೆಯಲ್ಲೇ ಮಾಡಿ ನೋಡಿ. ಸ್ಟಾಂಪ್ ಪ್ಯಾಡ್ ತಂದು ಮನೆಯವರೆಲ್ಲರ ಹತ್ತೂ ಬೆರಳು ಬಿಳಿ ಹಾಳೆ ಮೇಲೆ ತಗೊಳ್ಳಿ. ಬೆರಳನ್ನು ಒತ್ತಬೇಡಿ, ಉಗುರಿನ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಉರುಳಿಸಿ. ಭೂತಗನ್ನಡಿ ಹಿಡಿದು ಕುಣಿಕೆ (ಗೆರೆ ಬಂದ ಕಡೆಗೇ ತಿರುಗೋದು), ಸುಳಿ (ದುಂಡಗೆ ಸುತ್ತೋದು), ಕಮಾನು (ಬಿಲ್ಲಿನ ಹಾಗೆ ಈ ಕಡೆಯಿಂದ ಆ ಕಡೆಗೆ ದಾಟೋದು) ಎಣಿಸಿ. ಸಾಮಾನ್ಯವಾಗಿ ಕುಣಿಕೆ ನೂರಕ್ಕೆ 60-65, ಸುಳಿ 30-35, ಕಮಾನು 5ರ ಆಸುಪಾಸು ಅಂತ ಪುಸ್ತಕದಲ್ಲಿ ಇರುತ್ತೆ. ನಿಮ್ಮ ಮನೆಯ ಲೆಕ್ಕ ಬೇರೆ ಬಂದರೆ ಗಾಬರಿ ಬೇಡ, ನಾಲ್ಕು ಜನರ ನಲವತ್ತು ಬೆರಳಲ್ಲಿ ದೇಶದ ಲೆಕ್ಕ ಕಾಣೋದಿಲ್ಲ. ಆಮೇಲೆ ಪೆನ್ಸಿಲ್ ಸೀಸವನ್ನು ಬ್ಲೇಡಿನಿಂದ ಸಣ್ಣಗೆ ಹೆರೆದು, ಗಾಜಿನ ಲೋಟ ಹಿಡಿದ ಜಾಗಕ್ಕೆ ಮೆತ್ತನೆ ಬ್ರಷ್‌ನಿಂದ ಸವರಿ, ಸೆಲ್ಲೋಟೇಪ್ ಅಂಟಿಸಿ ಎತ್ತಿ, ಬಿಳಿ ಕಾರ್ಡಿನ ಮೇಲೆ ಹಚ್ಚಿ. ಹತ್ತು ಸಲ ಮಾಡಿದರೆ ಎರಡೋ ಮೂರೋ ಸಲ ನೆಟ್ಟಗೆ ಬರುತ್ತೆ, ಉಳಿದದ್ದು ಉಜ್ಜಿ ಹೋಗಿರುತ್ತೆ. ಸಿನಿಮಾದಲ್ಲಿ ಕಾಣೋ ಹಾಗೆ ಪ್ರತಿ ಲೋಟದ ಮೇಲೂ ಚೊಕ್ಕ ಗುರುತು ಇರೋದಿಲ್ಲ ಅಂತ ಆವತ್ತೇ ಗೊತ್ತಾಗುತ್ತೆ.

ಇದಾದ ಮೇಲೆ ಇಡೀ ಹೊಲ ಒಮ್ಮೆ ಸುತ್ತಿ ಬರಬೇಕಲ್ವಾ? ಅದಕ್ಕೆ ವ್ಯಾಲ್ ಮ್ಯಾಕ್‌ಡರ್ಮಿಡ್ ಅವರ 'ಫೊರೆನ್ಸಿಕ್ಸ್' (2014) ಸಾಕು. ಬೆಂಕಿ, ಹುಳ, ವಿಷ, ರಕ್ತದ ಕಲೆ, ಕೋರ್ಟು ಹೀಗೆ ಅಧ್ಯಾಯಕ್ಕೊಂದು ವಿಷಯ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬರುವಷ್ಟರಲ್ಲಿ ಒಂದು ಅಧ್ಯಾಯ ಮುಗಿಯುತ್ತೆ. ಯಾವ ಅಧ್ಯಾಯ ಓದುವಾಗ ಇಳಿಯೋ ಸ್ಟಾಪ್ ಮರೆತಿರೋ ಅದೇ ನಿಮ್ಮ ದಾರಿ ಅಂದ್ಕೊಳ್ಳಿ.

ಇನ್ನು ಪಠ್ಯಪುಸ್ತಕ. ಕೆ.ಎಸ್. ನಾರಾಯಣ ರೆಡ್ಡಿ ಅವರ 'ಎಸೆನ್ಷಿಯಲ್ಸ್ ಆಫ್ ಫೊರೆನ್ಸಿಕ್ ಮೆಡಿಸಿನ್ ಅಂಡ್ ಟಾಕ್ಸಿಕಾಲಜಿ' ಎಂಬಿಬಿಎಸ್ ಹುಡುಗರೆಲ್ಲ ಓದುವ ಪುಸ್ತಕ. ಹೊಸದು ಬೇಡ. ವಿದ್ಯಾನಗರದ ಕಡೆ ಮೆಡಿಕಲ್ ಓದಿ ಮುಗಿಸಿದ ಸೀನಿಯರ್‌ಗಳನ್ನು ಕೇಳಿ, ಹಳೇ ಎಡಿಷನ್ ಅರ್ಧ ಬೆಲೆಗೂ ಕೊಡ್ತಾರೆ. 1920ರಲ್ಲಿ ಮೊದಲು ಬಂದ, ವೈದ್ಯ ಜೆ.ಪಿ. ಮೋದಿ ಅವರ ಇದೇ ವಿಷಯದ ಪುಸ್ತಕ ವಕೀಲರ ಕಪಾಟಿನಲ್ಲಿ ಇರುತ್ತೆ, ಅದು ಬೇಕಾದಾಗ ತೆಗೆದು ನೋಡುವಂಥದ್ದು, ಪುಟದಿಂದ ಪುಟಕ್ಕೆ ಓದುವಂಥದ್ದಲ್ಲ.

ಒಂದು ಮಾತು. ಈ ಪುಸ್ತಕಗಳಲ್ಲಿ ನಿಜವಾದ ಶವಗಳ ಫೋಟೋ ಇರುತ್ತೆ. ಹದಿನೇಳು ವರ್ಷದ ಮಗುವಿಗೆ ಇದನ್ನು ಸುಮ್ನೆ ಕೈಗೆ ಕೊಟ್ಟು ಹೋಗಬೇಡಿ. ನಾನು ನಮ್ಮ ಹುಡುಗಿಗೆ ಮೊದಲು ಸೂ ಬ್ಲ್ಯಾಕ್ ಅವರ 'ಆಲ್ ದಟ್ ರಿಮೇನ್ಸ್' (2018) ಕೊಟ್ಟೆ. ಸ್ಕಾಟ್ಲೆಂಡಿನ ಅಂಗರಚನಾ ತಜ್ಞೆ, ಕೊಸೊವೊದ ಸಾಮೂಹಿಕ ಗೋರಿಗಳಲ್ಲಿ ಗುರುತು ಹಚ್ಚುವ ಕೆಲಸ ಮಾಡಿದವರು. ಮುಂದಿರುವ ದೇಹ ಯಾರದೋ ಅಪ್ಪನದು, ಯಾರದೋ ತಂಗಿಯದು ಅನ್ನೋ ಅರಿವನ್ನು ಅವರು ಪುಸ್ತಕದುದ್ದಕ್ಕೂ ಬಿಡೋದಿಲ್ಲ. ಅದನ್ನು ಓದಿದ ಮೇಲೆ ರೆಡ್ಡಿ ಪುಸ್ತಕದ ಫೋಟೋ ನೋಡುವ ಕಣ್ಣೇ ಬೇರೆ ಆಗುತ್ತೆ. ಮತ್ತೆ, ಅಂಥ ಫೋಟೋಗಳನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ, ಬಂದರೂ ಮುಂದೆ ದಾಟಿಸಬೇಡಿ. ಈ ಕೆಲಸಕ್ಕೆ ಬರುವವರಿಗೆ ಅಷ್ಟು ಮರ್ಯಾದೆ ಮೊದಲ ದಿನದಿಂದಲೇ ಇರಬೇಕು.

ರೆಡ್ಡಿ ಪುಸ್ತಕದಲ್ಲಿ ಸಾವಿನ ನಂತರದ ಬದಲಾವಣೆಗಳ ಅಧ್ಯಾಯ ಮೊದಲು ಓದಿ. ದೇಹ ಸೆಟೆದುಕೊಳ್ಳೋಕೆ ಹನ್ನೆರಡು ಗಂಟೆ, ಹಾಗೇ ಇರೋಕೆ ಹನ್ನೆರಡು, ಸಡಿಲಾಗೋಕೆ ಹನ್ನೆರಡು ಅನ್ನೋ ಸೂತ್ರ ಬರುತ್ತೆ. ಬಯಲಲ್ಲಿ ಒಂದು ವಾರಕ್ಕೆ ಆಗುವ ಕೊಳೆತ ನೀರಲ್ಲಿ ಎರಡು ವಾರಕ್ಕೆ, ಮಣ್ಣಲ್ಲಿ ಎಂಟು ವಾರಕ್ಕೆ ಅನ್ನೋ, ಕ್ಯಾಸ್ಪರ್ ಎಂಬ ಜರ್ಮನ್ ವೈದ್ಯನ ಸೂತ್ರವೂ ಬರುತ್ತೆ. ಬಾಯಿಪಾಠ ಮಾಡಿ, ಆದರೆ ನಂಬಿ ಕೂರಬೇಡಿ. ಕ್ಯಾಸ್ಪರ್ ಇದ್ದದ್ದು ಬರ್ಲಿನ್‌ನಲ್ಲಿ. ಅಣ್ಣಿಗೇರಿಯ ಕಪ್ಪು ಮಣ್ಣಿನ ಹೊಲದ ಏಪ್ರಿಲ್ ಬಿಸಿಲೇ ಬೇರೆ, ಧಾರವಾಡದ ಡಿಸೆಂಬರ್ ಚಳಿಯೇ ಬೇರೆ. ನೋಟ್‌ಬುಕ್‌ನಲ್ಲಿ ಪ್ರತಿ ಗಂಟೆಯ ಲೆಕ್ಕದ ಪಕ್ಕ "ಯಾವ ಹವೆಯಲ್ಲಿ?" ಅಂತ ಬರೀರಿ.

ಹುಳಗಳ ವಿಷಯ ಇಲ್ಲೇ ಸೇರುತ್ತೆ. ನೊಣ ಮೊಟ್ಟೆ ಇಡುತ್ತೆ, ಮರಿಹುಳ ಮೂರು ಹಂತ ದಾಟುತ್ತೆ, ಗೂಡು ಕಟ್ಟುತ್ತೆ. ಯಾವ ಹಂತ ಅಂತ ನೋಡಿ ದಿನ ಲೆಕ್ಕ ಹಾಕ್ತಾರೆ, ಅಲ್ಲೂ ಉಷ್ಣಾಂಶವೇ ಯಜಮಾನ. ಇದರ ಹಳೇ ಕಥೆ ಚೀನಾದ್ದು. 1247ರಲ್ಲಿ ಸೋಂಗ್ ತ್ಸು ಎಂಬ ನ್ಯಾಯಾಧಿಕಾರಿ ಬರೆದ ಕೈಪಿಡಿಯಲ್ಲಿದೆ: ಹಳ್ಳಿಯಲ್ಲೊಬ್ಬನನ್ನು ಕುಡುಗೋಲಿನಿಂದ ಕೊಂದಿದ್ದರು, ಅಧಿಕಾರಿ ಊರಿನ ಕುಡುಗೋಲುಗಳನ್ನೆಲ್ಲ ತರಿಸಿ ಬಿಸಿಲಲ್ಲಿ ಇಡಿಸಿದ, ತೊಳೆದಿದ್ದರೂ ಒಂದರ ಮೇಲೆ ಮಾತ್ರ ನೊಣ ಮುತ್ತಿತು. ಇಂಗ್ಲಿಷ್ ಅನುವಾದ 'ದ ವಾಷಿಂಗ್ ಅವೇ ಆಫ್ ರಾಂಗ್ಸ್' ಹೆಸರಿನಲ್ಲಿ ಸಿಗುತ್ತೆ. ಹುಳಗಳ ಕಡೆಗೇ ಮನಸ್ಸು ಹೋದರೆ ಧಾರವಾಡದಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ. ಕೀಟಶಾಸ್ತ್ರ ಓದಿದವರ ಜೊತೆ ಅರ್ಧ ಗಂಟೆ ಕೂತರೆ ಮೂರು ಪುಸ್ತಕ ಓದಿದಷ್ಟು ಆಗುತ್ತೆ.

ಚೀನಾಕ್ಕೇ ಯಾಕೆ ಹೋಗಬೇಕು? ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೇ ಅಧಿಕರಣದ ಏಳನೇ ಅಧ್ಯಾಯ ತೆಗೀರಿ. ಹೆಸರೇ ಆಶುಮೃತಕ ಪರೀಕ್ಷೆ, ಅಂದ್ರೆ ಇದ್ದಕ್ಕಿದ್ದಂತೆ ಸತ್ತವರ ಪರೀಕ್ಷೆ. ಹೆಣಕ್ಕೆ ಎಣ್ಣೆ ಸವರಿ ನೋಡಬೇಕು ಅಂತ ಶುರುವಾಗುತ್ತೆ. ಹೊಟ್ಟೆ ಉಬ್ಬಿ, ಕೈಕಾಲು ಬಾತು, ಕಣ್ಣು ತೆರೆದು, ಕುತ್ತಿಗೆ ಮೇಲೆ ಗುರುತಿದ್ದರೆ ಉಸಿರು ಕಟ್ಟಿಸಿ ಕೊಂದದ್ದು ಅಂತ ತಿಳಿಯಬೇಕು ಅಂತ ಬರೆದಿದ್ದಾನೆ. ಎರಡು ಕಾಲಂ ಅಲ್ಲೇ ಇದೆ ನೋಡಿ, ಕಂಡದ್ದು ಒಂದು ಕಡೆ, ತೀರ್ಮಾನ ಇನ್ನೊಂದು ಕಡೆ. ಈ ಗ್ರಂಥದ ಓಲೆಗರಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ಸಿಕ್ಕಿತು, 1909ರಲ್ಲಿ ಅಚ್ಚಾಯಿತು. 1915ರ ಅವರ ಇಂಗ್ಲಿಷ್ ಅನುವಾದ ಪುಕ್ಕಟೆ ಸಿಗುತ್ತೆ. ಆ ಅಧ್ಯಾಯ ಬರೀ ಮೂರ್ನಾಲ್ಕು ಪುಟ, ರಾತ್ರಿ ಊಟಕ್ಕೆ ಮುಂಚೆ ಓದಿ ಮುಗಿಸಬಹುದು.

ವಿಷದ ಬಗ್ಗೆ ಡೆಬೊರಾ ಬ್ಲಮ್ ಅವರ 'ದ ಪಾಯ್ಸನರ್ಸ್ ಹ್ಯಾಂಡ್‌ಬುಕ್' (2010) ಓದಿ. ಹೆಸರು ನೋಡಿ ಮನೆಯವರು ಹೆದರಬಹುದು, ಆದರೆ ಇದು ವಿಷ ಹಾಕೋ ಪುಸ್ತಕ ಅಲ್ಲ, ಪತ್ತೆ ಮಾಡಿದವರ ಪುಸ್ತಕ. 1918ರಿಂದ ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ನಾರಿಸ್ ಎಂಬ ವೈದ್ಯ, ಅಲೆಕ್ಸಾಂಡರ್ ಗೆಟ್ಲರ್ ಎಂಬ ರಸಾಯನ ತಜ್ಞ ಸೇರಿ ಸಾವಿನ ಕಾರಣ ಹುಡುಕುವ ಕೆಲಸವನ್ನು ಹೇಗೆ ವಿಜ್ಞಾನ ಮಾಡಿದರು ಅಂತ ಒಂದೊಂದು ವಿಷಕ್ಕೆ ಒಂದೊಂದು ಅಧ್ಯಾಯ. ಕೆಮಿಸ್ಟ್ರಿ ಓದ್ತಾ ಇರೋ ಹುಡುಗರಿಗೆ ಇದರಷ್ಟು ಹಿಡಿಸುವ ಪುಸ್ತಕ ನಾನು ಕಂಡಿಲ್ಲ. ಆಮೇಲೆ ರೆಡ್ಡಿ ಪುಸ್ತಕದಲ್ಲಿ ಕೃಷಿ ವಿಷಗಳ ಭಾಗ ಓದಿ. ನಮ್ಮ ಹಾವೇರಿ, ಗದಗ ಕಡೆ ಹತ್ತಿಗೆ, ಮೆಣಸಿನಗಿಡಕ್ಕೆ ಹೊಡೆಯುವ ಎಣ್ಣೆ ಇದೆಯಲ್ಲ, ಅದರಲ್ಲಿ ಒಂದು ಗುಂಪು ನರಗಳ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತೆ. ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗೋದು, ಜೊಲ್ಲು, ಬೆವರು, ಎಲ್ಲ ಅದಕ್ಕೇ. ಆ ಕಿಣ್ವದ ಮಟ್ಟ ರಕ್ತದಲ್ಲಿ ನೋಡುವ ಪರೀಕ್ಷೆ ನಾನೇ ಮಾಡ್ತೀನಿ, ಬಹಳ ಸಲ ಆ ರಕ್ತ ಹೊಲದಿಂದ ಬಂದ ಹುಡುಗರದ್ದೇ. ಅದೇ ಪುಸ್ತಕದಲ್ಲಿ ಗುಲಗಂಜಿಯೂ ಇದೆ. ಅಕ್ಕಸಾಲಿಗರು ಬಂಗಾರ ತೂಗೋಕೆ ಇಟ್ಟುಕೊಳ್ಳುತ್ತಿದ್ದ ಅದೇ ಕೆಂಪು-ಕಪ್ಪು ಕಾಳು ದನಗಳನ್ನು ಕೊಲ್ಲೋಕೂ ಬಳಕೆಯಾಗಿತ್ತು ಅಂತ ಓದಿದಾಗ ನನಗೆ ಅಜ್ಜನ ತಕ್ಕಡಿ ಪೆಟ್ಟಿಗೆ ನೆನಪಾಯಿತು.

ಈಗ ಸ್ಥಳದಲ್ಲಿ ಸಿಗುವ ವಸ್ತುಗಳು. ಗಾಜು, ಬಣ್ಣ, ಮಣ್ಣು, ಕೂದಲು, ದಾರ. ಇದಕ್ಕೆ ರಿಚರ್ಡ್ ಸಾಫರ್‌ಸ್ಟೈನ್ ಅವರ 'ಕ್ರಿಮಿನಲಿಸ್ಟಿಕ್ಸ್'. ಹಳೇ ಎಡಿಷನ್ ಸಾಕು, ಡಿಎನ್‌ಎ ಮತ್ತು ಕಂಪ್ಯೂಟರ್ ಅಧ್ಯಾಯಕ್ಕೆ ಮಾತ್ರ ಹೊಸದು ನೋಡಿ. ಇದನ್ನು ಓದುವಾಗ ನನಗೆ ಆದ ಒಂದು ಅನುಭವ ಹೇಳಲೇಬೇಕು.

ಕೆಲವು ವರ್ಷದ ಹಿಂದೆ ಹುಬ್ಬಳ್ಳಿ-ಗದಗ ರಸ್ತೆಯಲ್ಲಿ ರಾತ್ರಿ ಒಂದು ಬೈಕಿಗೆ ಯಾವುದೋ ಗಾಡಿ ಗುದ್ದಿ ಹೋಗಿತ್ತು. ಬೆಳಿಗ್ಗೆ ಅದೇ ದಾರಿಯಲ್ಲಿ ಬರ್ತಿದ್ದ ನನ್ನನ್ನು ನಿಲ್ಲಿಸಿ ಪಂಚನಾಮೆಗೆ ಪಂಚ ಆಗ್ರಿ ಅಂದರು. ನಿಂತೆ. ಬೈಕಿನ ಹತ್ತಿರ ಒಂದಿಷ್ಟು ಹೆಡ್‌ಲೈಟ್ ಗಾಜು, ಹತ್ತು ಹೆಜ್ಜೆ ಮುಂದೆ ಇನ್ನೊಂದಿಷ್ಟು, ಅದು ಸ್ವಲ್ಪ ದಪ್ಪ, ಅಂಚಿಗೆ ನೀಲಿ ಬಣ್ಣದ ಚೂರು ಹತ್ತಿತ್ತು. ಒಂದು ಬೈಕಿನದು, ಇನ್ನೊಂದು ಓಡಿ ಹೋದ ಗಾಡಿಯದು ಇರಬೇಕು ಅಂತ ನನ್ನಂಥವನಿಗೂ ಅನ್ನಿಸಿತು. ಆದರೆ ಎರಡನ್ನೂ ಗುಡಿಸಿ ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕಿದರು. "ಸಾಹೇಬ್ರ, ಬ್ಯಾರೆ ಬ್ಯಾರೆ ಹಾಕ್ರಿ" ಅಂದೆ. "ಎಲ್ಲಾ ಒಂದ ಮುದ್ದೆಮಾಲು ಬಿಡ್ರಿ" ಅಂದರು (ಮುದ್ದೆಮಾಲು ಅಂದ್ರೆ ಕೇಸಿಗೆ ಜಪ್ತಿ ಮಾಡಿದ ವಸ್ತು). ಸಹಿ ಮಾಡಿ ಬಂದೆ. ಎರಡು ಕಡೆ ಸಿಕ್ಕಿತ್ತು ಅಂತ ಪಂಚನಾಮೆಯಲ್ಲಿ ಬರೆಸಬೇಕಿತ್ತು, ಬರೆಸಲಿಲ್ಲ ಅನ್ನೋ ಸಂಕಟ ಇವತ್ತಿಗೂ ಇದೆ. ಎಡ್ಮಂಡ್ ಲೊಕಾರ್ ಎಂಬ ಫ್ರೆಂಚ್ ವಿಜ್ಞಾನಿ, 1910ರಲ್ಲಿ ಲಿಯಾನ್ ಊರಲ್ಲಿ ಪೊಲೀಸ್ ಪ್ರಯೋಗಾಲಯ ಶುರು ಮಾಡಿದವನು, ಎರಡು ವಸ್ತು ತಾಗಿದರೆ ಒಂದರದು ಇನ್ನೊಂದಕ್ಕೆ ಹತ್ತಿಯೇ ಹತ್ತುತ್ತೆ ಅನ್ನೋ ತತ್ವಕ್ಕೆ ಹೆಸರಾದವನು. ಆ ನೀಲಿ ಚೂರು ಅದೇ. ಆದರೆ ಅದೇ ತತ್ವ ಕವರಿನ ಒಳಗೂ ನಡೆಯುತ್ತೆ. ಬೆರೆಸಿದ ಮೇಲೆ ಯಾವುದು ಯಾವುದಕ್ಕೆ ಎಲ್ಲಿ ಹತ್ತಿತು ಅಂತ ಹೇಳೋಕೆ ಯಾವ ಮೈಕ್ರೋಸ್ಕೋಪಿಗೂ ಆಗೋದಿಲ್ಲ. ಅದಕ್ಕೇ ಸಾಫರ್‌ಸ್ಟೈನ್ ಪುಸ್ತಕದಲ್ಲಿ ಸ್ಥಳ ಪರಿಶೀಲನೆ, ಪ್ಯಾಕಿಂಗ್, ಸೀಲು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನೋ ದಾಖಲೆಯ ಅಧ್ಯಾಯಗಳನ್ನು ಎರಡು ಸಲ ಓದಿ. ಹುಡುಗರು ಅದನ್ನೇ ಹಾರಿಸಿ ಡಿಎನ್‌ಎಗೆ ಓಡ್ತಾರೆ.

ಡಿಎನ್‌ಎ ಬಗ್ಗೆ ಉದ್ದ ಹೇಳೋದಿಲ್ಲ, ಪಿಯುಸಿ ಬಯಾಲಜಿಯಲ್ಲೇ ಬುನಾದಿ ಇದೆ. 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರಿಸ್ ಡಿಎನ್‌ಎಯಿಂದ ಆಳನ್ನು ಗುರುತಿಸುವ ವಿಧಾನ ಕಂಡುಹಿಡಿದ ಮೇಲೆ ಮೊದಲ ಕೊಲೆ ಕೇಸಿನಲ್ಲಿ ಅದು ಮೊದಲು ಮಾಡಿದ್ದು ಅಪರಾಧಿಯನ್ನು ಹಿಡಿದದ್ದಲ್ಲ, ತಪ್ಪೊಪ್ಪಿಕೊಂಡಿದ್ದ ಒಬ್ಬ ನಿರಪರಾಧಿ ಹುಡುಗನನ್ನು ಬಿಡಿಸಿದ್ದು. ನಾಲ್ಕು ಸಾವಿರಕ್ಕೂ ಹೆಚ್ಚು ಗಂಡಸರ ಸ್ಯಾಂಪಲ್ ತಗೊಂಡ ಮೇಲೆ, 1988ರಲ್ಲಿ ನಿಜವಾದವನಿಗೆ ಶಿಕ್ಷೆ ಆಯಿತು.

ಬಂದೂಕಿನ ಅಧ್ಯಾಯ ನಮ್ಮೂರವರು ಕಣ್ಣು ತಂಪಾಗಿಟ್ಟುಕೊಂಡು ಓದೋಕೆ ಆಗೋದಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣ ನಗರದ ಮನೆಯಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು. ಎರಡೂ ಕಡೆ ಬಳಸಿದ್ದು ಒಂದೇ 7.65 ಎಂಎಂ ಪಿಸ್ತೂಲು ಅಂತ ವಿಧಿವಿಜ್ಞಾನ ವರದಿ ಹೇಳಿತು. ಹೇಗೆ ಹೇಳ್ತಾರೆ? ಗುಂಡು ಹಾರುವಾಗ ನಳಿಗೆಯ ಒಳಗಿನ ಗೀರು ಗುಂಡಿನ ಮೈಮೇಲೆ ಬೀಳುತ್ತೆ, ಹೊಡೆಯುವ ಪಿನ್ನಿನ ಗುಳಿ ಖಾಲಿ ತೋಟೆಯ ಹಿಂಬದಿಗೆ ಬೀಳುತ್ತೆ. ಎರಡು ತೋಟೆಗಳನ್ನು ಜೋಡಿ ಮೈಕ್ರೋಸ್ಕೋಪಿನಡಿ ಪಕ್ಕಪಕ್ಕ ಇಟ್ಟು ಗೀರಿಗೆ ಗೀರು ಕೂಡುತ್ತಾ ಅಂತ ನೋಡ್ತಾರೆ. ಎರಡು ವರ್ಷ, ನಾನೂರು ಕಿಲೋಮೀಟರ್ ದೂರದ ಎರಡು ಸಾವುಗಳನ್ನು ಬೆರಳ ತುದಿಯಷ್ಟು ಹಿತ್ತಾಳೆ ಚೂರು ಕೂಡಿಸಿತು. ಪಿಸ್ತೂಲು ಒಂದೇ ಅನ್ನೋದು ಅದು ಹೇಳುವ ಮಾತು. ಕುದುರೆ ಎಳೆದದ್ದು ಯಾರು ಅನ್ನೋದಕ್ಕೆ ಬೇರೆ ಸಾಕ್ಷ್ಯ ಬೇಕು.

ಇಷ್ಟು ಓದಿದ ಮೇಲೆ ವಿಜ್ಞಾನದ ಮೇಲೆ ಭಾರೀ ನಂಬಿಕೆ ಬಂದಿರುತ್ತೆ. ಆಗ ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ 2009ರಲ್ಲಿ ಹೊರತಂದ ವರದಿ ಓದಿ, ಅವರ ವೆಬ್‌ಸೈಟಿನಲ್ಲೇ ಪುಕ್ಕಟೆ ಇದೆ. ಡಿಎನ್‌ಎ ಒಂದನ್ನು ಬಿಟ್ಟರೆ, ಇದು ಇಂಥವನದೇ ಅಂತ ಖಾತ್ರಿಯಾಗಿ ಪದೇ ಪದೇ ಹೇಳಬಲ್ಲೆ ಅಂತ ಬೇರೆ ಯಾವ ವಿಧಾನವೂ ಕಟ್ಟುನಿಟ್ಟಾಗಿ ಸಾಬೀತು ಮಾಡಿ ತೋರಿಸಿಲ್ಲ ಅಂತ ಅದು ಹೇಳಿತು. ಇದು ಬಾಯಿಮಾತಲ್ಲ. 2004ರ ಮ್ಯಾಡ್ರಿಡ್ ರೈಲು ಸ್ಫೋಟದಲ್ಲಿ ಸಿಕ್ಕ ಒಂದು ಬೆರಳಚ್ಚು ಒರೆಗಾನ್‌ನ ವಕೀಲ ಬ್ರ್ಯಾಂಡನ್ ಮೇಫೀಲ್ಡ್ ಅವರದೇ ಅಂತ ಎಫ್‌ಬಿಐ ತಜ್ಞರು ಹೇಳಿ, ಅವರನ್ನು ಎರಡು ವಾರ ಒಳಗಿಟ್ಟರು. ಸ್ಪೇನ್ ಪೊಲೀಸರು ಅದು ಬೇರೆಯವನದು ಅಂತ ತೋರಿಸಿದ ಮೇಲೆ ಕ್ಷಮೆ ಕೇಳಿದರು. ಮನೆಯಲ್ಲಿ ಪೆನ್ಸಿಲ್ ಪುಡಿಯಿಂದ ಗುರುತು ಎತ್ತಿದವರಿಗೆ ಇದು ಹೇಗೆ ಆಗಿರಬಹುದು ಅಂತ ಕೂಡಲೇ ಹೊಳೆಯುತ್ತೆ.

ಕೊನೆಗೆ ಕಾನೂನು. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 176(3) ಓದಿ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧದ ಸ್ಥಳಕ್ಕೆ ಫೊರೆನ್ಸಿಕ್ ತಜ್ಞರು ಬರಬೇಕು ಅನ್ನುತ್ತೆ, ರಾಜ್ಯಗಳಿಗೆ ಜಾರಿ ಮಾಡೋಕೆ ಐದು ವರ್ಷದ ಅವಕಾಶ ಇದೆ. ಈ ಕಾನೂನು 2024ರ ಜುಲೈ 1ರಿಂದ ಬಂತು. ತಜ್ಞರ ಅಭಿಪ್ರಾಯಕ್ಕೆ ಹೊಸ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 39. ಹಳೇ ಪುಸ್ತಕದಲ್ಲಿ ಇದು 45 ಅಂತ ಇರುತ್ತೆ, ಪಕ್ಕದಲ್ಲಿ ತಿದ್ದಿಕೊಳ್ಳಿ. ಸುಪ್ರೀಂ ಕೋರ್ಟಿನ 2010ರ 'ಸೆಲ್ವಿ ವರ್ಸಸ್ ಸ್ಟೇಟ್ ಆಫ್ ಕರ್ನಾಟಕ' ತೀರ್ಪು ಇಡೀ ಓದಿ. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಬ್ರೇನ್ ಮ್ಯಾಪಿಂಗ್ ಮಾಡುವ ಹಾಗಿಲ್ಲ ಅಂತ ಹೇಳಿದ ತೀರ್ಪು ಅದು, ಒಂದೊಂದು ಪರೀಕ್ಷೆ ಹೇಗೆ ನಡೆಯುತ್ತೆ ಅನ್ನೋದನ್ನೂ ಬಿಡಿಸಿ ಹೇಳಿದ್ದಾರೆ. ಆಮೇಲೆ ನಮ್ಮ ಹೈಕೋರ್ಟಿನ ಧಾರವಾಡ ಪೀಠದ ತೀರ್ಪುಗಳು ಆನ್‌ಲೈನಿನಲ್ಲೇ ಇವೆ. ಎಫ್‌ಎಸ್‌ಎಲ್ (ಫೊರೆನ್ಸಿಕ್ ಪ್ರಯೋಗಾಲಯ) ವರದಿ ಅಂತ ಹುಡುಕಿ, ತಿಂಗಳಿಗೆ ಎರಡು ಓದಿ. ಮೊದಲು ಆರೋಪ ಏನು ಅಂತ ನೋಡಿ, ಆಮೇಲೆ ನೇರವಾಗಿ ಪಂಚನಾಮೆ, ವೈದ್ಯರ ಸಾಕ್ಷಿ, ಲ್ಯಾಬ್ ವರದಿ ಬಗ್ಗೆ ನ್ಯಾಯಾಧೀಶರು ಏನು ಬರೆದಿದ್ದಾರೆ ಅನ್ನೋದಕ್ಕೆ ಹೋಗಿ. ತೀರ್ಪಿನ ಕೊನೆ ಪುಟ ನೋಡುವ ಮುಂಚೆ ನಿಮ್ಮ ಎರಡು ಕಾಲಂ ತುಂಬಿಸಿಬಿಡಿ.

ನಮ್ಮ ಹುಡುಗಿ ಹೋದ ವಾರ ಗದಗಿನಿಂದ ಫೋನ್ ಮಾಡಿದ್ದಳು. ಯಾವುದೋ ಒಂದು ತೀರ್ಪು ಓದಿದ್ದಳಂತೆ. "ಕಾಕಾ, ರಕ್ತದ ಅಂಗಿ ಸಿಕ್ಕೇತಿ, ಲ್ಯಾಬಿನವರು ಮನಷ್ಯಾರ ರಕ್ತ ಅಂತನೂ ಹೇಳ್ಯಾರ. ಆದ್ರ ಅಂಗಿ ಹದಿನೆಂಟ ದಿನ ಸ್ಟೇಷನ್ನಾಗ ಎಲ್ಲಿತ್ತು, ಸೀಲ್ ಯಾರ ಕಡೆ ಇತ್ತು ಅಂತ ಯಾರೂ ಹೇಳಿಲ್ಲ. ಇದನ್ನ ಯಾವ ಕಾಲಂನ್ಯಾಗ ಬರೀಲಿ?" ಅಂದಳು. ಮೂರನೇ ಕಾಲಂ ಎಳಿ ಅಂತ ಹೇಳಿದೆ.